ಗೀಳು ಕಾಯಿಲೆಗೆ ಉತ್ತರ ಕನ್ನಡದಲ್ಲಿ ಸಿಗುವ ಚಿಕಿತ್ಸೆ ಹೇಗಿದೆ?

ತೊಳೆದು ತೊಳೆದು ಬೆರಳ ಸಂದಿ ಬಿರಿದವರು, ಗ್ಯಾಸ್ ರೆಗ್ಯುಲೇಟರನ್ನು ಹತ್ತು ಸಲ ಮುಟ್ಟಿ ನೋಡದೆ ಮಲಗಲಾರದವರು, ಮೂಗು ಸೊಟ್ಟಗಿದೆಯೆಂದು ಕನ್ನಡಿ ಬಿಟ್ಟೇಳದವರು ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು, ಹೋದಲ್ಲಿ ಏನು ಸಿಗುತ್ತದೆ? ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಲೆಕ್ಕ ಹಾಕಿದರೆ ಮಾತ್ರೆ ಸಿಗುತ್ತದೆ, ಫೋನಿನಲ್ಲಿ ಮಾತಾಡುವವರು ಸಿಗುತ್ತಾರೆ, ಸಮಾಧಾನ ಹೇಳುವವರಂತೂ ಮನೆಮನೆಯಲ್ಲೂ ಇದ್ದಾರೆ. ಸಿಗದಿರುವುದು ವಾರವಾರ ಎದುರು ಕೂತು ಅಭ್ಯಾಸ ಮಾಡಿಸುವವರು. ಈ ಎರಡು ಕಾಯಿಲೆಗಳಿಗೆ, ಅಂದರೆ ಒಸಿಡಿ ಎನ್ನುವ ಗೀಳು ಕಾಯಿಲೆಗೂ ಬಿಡಿಡಿ ಎನ್ನುವ ದೇಹರೂಪದ ಗೀಳಿಗೂ (ತನ್ನ ರೂಪದಲ್ಲಿ ದೋಷವಿದೆಯೆಂಬ ಬಿಡದ ಚಿಂತೆ), ಸಮಾಧಾನ ಮದ್ದಲ್ಲ. ಬಹಳ ಸಲ ಅದೇ ಕಾಯಿಲೆಗೆ ಹಾಕುವ ಗೊಬ್ಬರ. ಹಾಗಾಗಿ ಇಲ್ಲಿನ ಪ್ರತಿ ಸೇವೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಇವರು ಅಭ್ಯಾಸ ಮಾಡಿಸುತ್ತಾರೋ, ಸಮಾಧಾನ ಹೇಳಿ ಕಳಿಸುತ್ತಾರೋ?

ಈ ಅಳತೆಗೋಲು ನಮ್ಮ ಮನಸ್ಸಿಗೆ ತೋಚಿದ್ದಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕಿ ಸಬೀನ್ ವಿಲ್ಹೆಲ್ಮ್ ವರ್ಷಗಟ್ಟಲೆ ಕೆಲಸ ಮಾಡಿರುವುದು ಈ ಎರಡು ಕಾಯಿಲೆಗಳ ಮೇಲೆಯೇ. 2019ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ದೇಹರೂಪದ ಗೀಳಿರುವ 120 ಮಂದಿ ವಯಸ್ಕರಿದ್ದರು. ಎರಡು ಆಸ್ಪತ್ರೆ, 24 ವಾರ. ಒಂದು ಗುಂಪಿಗೆ ಕನ್ನಡಿ ಎದುರಿಸುವ, ಜನರ ನಡುವೆ ಹೋಗುವ, ಗೀಳು ಕ್ರಿಯೆ (ಕಳವಳ ಇಳಿಸಲೆಂದು ಮತ್ತೆ ಮತ್ತೆ ಮಾಡುವ ಕೆಲಸ) ತಡೆಯುವ ಅಭ್ಯಾಸಗಳಿದ್ದ ಚಿಕಿತ್ಸೆ. ಇನ್ನೊಂದಕ್ಕೆ ಅಕ್ಕರೆಯಿಂದ ಕೇಳಿಸಿಕೊಂಡು ಧೈರ್ಯ ತುಂಬುವ ಆಪ್ತಸಮಾಲೋಚನೆ. ಎರಡನೆಯದೂ ಅಗ್ಗದ್ದಲ್ಲ, ತರಬೇತಾದವರೇ ಕೊಟ್ಟದ್ದು. ಒಂದು ಆಸ್ಪತ್ರೆಯಲ್ಲಿ ಅಭ್ಯಾಸದ ಗುಂಪು ಸ್ಪಷ್ಟವಾಗಿ ಮುಂದಿತ್ತು, ಇನ್ನೊಂದರಲ್ಲಿ ವ್ಯತ್ಯಾಸ ಕಡಿಮೆ. ಎರಡೂ ಕಡೆ ಒಂದೇ ಹದದಲ್ಲಿ ಫಲ ಕೊಟ್ಟದ್ದು ಅಭ್ಯಾಸದ ಚಿಕಿತ್ಸೆ. ಆಪ್ತಸಮಾಲೋಚನೆಯ ಫಲ ಊರಿಂದೂರಿಗೆ ಏರಿಳಿಯಿತು. ಇಂಥ ಚಿಕಿತ್ಸೆಯ ಬೇರು ಇನ್ನೂ ಹಿಂದಿದೆ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಇಬ್ಬರು ರೋಗಿಗಳಿಗೆ ಹೆದರುವ ವಸ್ತು ಮುಟ್ಟಿಸಿ ತೊಳೆಯಗೊಡದೆ ನೋಡಿದರು. ಅದೇ ಇಂದಿನ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್): ಎದುರಿಸು, ಗೀಳು ಕ್ರಿಯೆ ಮಾಡಬೇಡ.

ಇಆರ್‌ಪಿ ಕೊಡುತ್ತೇವೆ ಎಂದು ಹೇಳಿಕೊಳ್ಳುವವರು ಹಲವರು. ಅದು ನಿಜವಾಗಿ ಹೇಗಿರಬೇಕು ಎಂದು ಗೊತ್ತಿದ್ದರೆ ಮೋಸ ಹೋಗುವುದಿಲ್ಲ. ಮೊದಲ ಎರಡು ಸೆಷನ್‌ಗಳಲ್ಲಿ ವೈ-ಬಾಕ್ಸ್ ಎನ್ನುವ ಪ್ರಶ್ನಾವಳಿಯಿಂದ ಅಳತೆ ನಡೆಯಬೇಕು. ಹತ್ತು ಪ್ರಶ್ನೆ, 0ಯಿಂದ 40ರವರೆಗೆ ಅಂಕ. 16ರಿಂದ 23 ಮಧ್ಯಮ, 24 ಮತ್ತು ಅದರ ಮೇಲೆ ತೀವ್ರ. ದೇಹರೂಪದ ಗೀಳಿಗೆ ಇದರದ್ದೇ ಇನ್ನೊಂದು ರೂಪವಿದೆ: ಹನ್ನೆರಡು ಪ್ರಶ್ನೆ, 48 ಅಂಕ. ಈ ಅಂಕ ನಾಲ್ಕೈದು ವಾರಕ್ಕೊಮ್ಮೆ ಮತ್ತೆ ತೆಗೆಯಬೇಕು. ಅಂಕವೇ ತೆಗೆಯದೆ "ಈಗ ಹೇಗನ್ನಿಸ್ತಿದೆ" ಎಂದಷ್ಟೇ ಕೇಳುವವರ ಬಳಿ ಮೂರು ತಿಂಗಳು ಕಳೆದರೆ ಏನು ಇಳಿಯಿತು ಎಂದು ಯಾರಿಗೂ ಗೊತ್ತಾಗದು.

ಆಮೇಲೆ ಏಣಿ. ಹೆದರಿಕೆಗೆ ನೂರರಲ್ಲಿ ಅಂಕ ಕೊಟ್ಟು ಕೆಳಗಿಂದ ಮೇಲಕ್ಕೆ ಬರೆಯುವ ಪಟ್ಟಿ. ಮೈಲಿಗೆಯ, ಕೊಳೆಯ ಹೆದರಿಕೆ ಇರುವವರ ಏಣಿ ಹೀಗಿರಬಹುದು: ಮುಂಬಾಗಿಲ ಚಿಲಕ ಮುಟ್ಟಿ ಹತ್ತು ನಿಮಿಷ ಸುಮ್ಮನೆ ಕೂರುವುದು 30. ಕುಮಟಾ ಬಸ್ಸಿನ ಕಂಬಿ ಹಿಡಿದು ಬಂದು ಅದೇ ಕೈಯಲ್ಲಿ ಮೊಬೈಲು ಮುಟ್ಟುವುದು 45. ಮೀನುಪೇಟೆಯ ನೆಲಕ್ಕೆ ತಾಗಿದ ಚೀಲವನ್ನು ಮನೆಯ ಕುರ್ಚಿಯ ಮೇಲಿಡುವುದು 65. ಆ ಕುರ್ಚಿಯಲ್ಲಿ ಕೂತು ಎದ್ದು ಹಾಸಿಗೆ ಮುಟ್ಟುವುದು 80. ಸೆಷನ್ ಒಂದು ಗಂಟೆಯಿಂದ ಒಂದೂವರೆ ಗಂಟೆ, ಒಟ್ಟು 12ರಿಂದ 20. ನಡುವಿನ ದಿನಗಳಲ್ಲಿ ಮನೆಕೆಲಸ ದಿನವೂ. ಮನೆಕೆಲಸ ಕೊಡದ ಇಆರ್‌ಪಿ ಇಆರ್‌ಪಿಯೇ ಅಲ್ಲ.

ಕೆಡುವುದು ಎಲ್ಲಿ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ "ಅದೂ ಮಾಡಿ ನೋಡಿದೆವು, ಆಗಲಿಲ್ಲ" ಎನ್ನುವವರಲ್ಲಿ ಹಲವರಿಗೆ ಸಿಕ್ಕಿದ್ದು ಅರೆಬೆಂದ ಇಆರ್‌ಪಿ. ಮುಟ್ಟಿಸುತ್ತಾರೆ, ತೊಳೆಯುವುದನ್ನು ತಡೆಯುವುದಿಲ್ಲ. ಅಥವಾ ಕೈ ತೊಳೆಯುವುದು ನಿಲ್ಲುತ್ತದೆ, ಅದರ ಜಾಗಕ್ಕೆ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುವುದು ಬರುತ್ತದೆ. ಹೊರಗೆ ಕಾಣದ ಆ ಸ್ತೋತ್ರವೂ ಗೀಳು ಕ್ರಿಯೆಯೇ. ಚಿಕಿತ್ಸಕರು ಕೇಳದಿದ್ದರೆ ರೋಗಿ ಹೇಳುವುದಿಲ್ಲ. ಸ್ಯಾನಿಟೈಸರ್ ಜೇಬಿನಲ್ಲಿರುತ್ತದೆ. ಕಳವಳ ತುದಿಗೇರಿದಾಗ "ಇವತ್ತಿಗೆ ಸಾಕು" ಎಂದು ಎಬ್ಬಿಸುತ್ತಾರೆ. ಹಾಗೆ ಎದ್ದರೆ ಓಡಿಹೋದದ್ದರಿಂದ ಬಚಾವಾದೆ ಎಂದೇ ಮಿದುಳು ಕಲಿಯುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಭಯ ಇಳಿಯಿತೇ ಎಂದು ನಿಮಿಷಕ್ಕೊಮ್ಮೆ ಕೇಳುವುದು. ಇಳಿದರೆ ಒಳ್ಳೆಯದೇ, ಇಳಿಯದಿದ್ದರೂ ಅಭ್ಯಾಸ ಕೆಟ್ಟಿಲ್ಲ. ಮೊದಲೇ ಬರೆದಿಟ್ಟ "ಇದನ್ನು ಮುಟ್ಟಿದರೆ ನಾಳೆಯೊಳಗೆ ಮನೆಮಂದಿಗೆಲ್ಲ ಕಾಯಿಲೆ" ಎನ್ನುವುದು ನಡೆಯಿತೇ, "ಈ ಕಳವಳ ನನ್ನಿಂದ ತಡೆಯಲಾಗದು" ಎನ್ನುವುದು ನಿಜವಾಯಿತೇ ಎಂದು ನೋಡುವುದು ಮುಖ್ಯ.

ನಮ್ಮ ಕಡೆಯ ಮನೆಗಳಲ್ಲಿ ಮಡಿ-ಮೈಲಿಗೆಯ ಪ್ರಶ್ನೆ ಬಂದೇ ಬರುತ್ತದೆ. ಹೊರಗಿನ ಊರಿನ ಚಿಕಿತ್ಸಕರು ಇಲ್ಲಿ ಎರಡು ರೀತಿ ಎಡವುತ್ತಾರೆ. ಒಬ್ಬರು ಎಲ್ಲವನ್ನೂ ಸಂಪ್ರದಾಯ ಎಂದು ಬಿಟ್ಟುಬಿಡುತ್ತಾರೆ, ಇನ್ನೊಬ್ಬರು ಮಡಿಯನ್ನೇ ಮುರಿಸಲು ಹೊರಟು ಮನೆಯವರ ವಿಶ್ವಾಸ ಕಳೆದುಕೊಳ್ಳುತ್ತಾರೆ. ಗಡಿ ತಿಳಿಯುವುದು ಕಷ್ಟವಲ್ಲ. ಮಡಿಗೆ ಕೊನೆಯಿದೆ: ಸ್ನಾನವಾಯಿತು, ಮಡಿಬಟ್ಟೆ ಉಟ್ಟಾಯಿತು, ಮುಗಿಯಿತು. ಗೀಳಿಗೆ ಕೊನೆಯಿಲ್ಲ. ಜೀವಮಾನವಿಡೀ ಮಡಿಯಲ್ಲಿ ಅಡುಗೆ ಮಾಡಿದ ಅಜ್ಜಿಯೇ "ಸಾಕು ಮಾರಾಯ್ತಿ, ಎಷ್ಟು ತೊಳೀತೆ" ಎನ್ನುತ್ತಿದ್ದರೆ ಅದು ಮಡಿಯಲ್ಲ. ಒಳ್ಳೆಯ ಚಿಕಿತ್ಸಕರು ಅಜ್ಜಿ ಮಾಡುವಷ್ಟನ್ನು ಬಿಟ್ಟು ಅದರ ಮೇಲಿನ ಹೆಚ್ಚುವರಿಗೆ ಮಾತ್ರ ಕೈ ಹಾಕುತ್ತಾರೆ. ಭಟ್ಟರನ್ನೋ ಹಿರಿಯರನ್ನೋ ಒಂದು ಸಲ, ಒಂದೇ ಸಲ ಕೇಳಿ ಗಡಿ ಬರೆದಿಟ್ಟುಕೊಳ್ಳಬಹುದು. ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಅದು ಶಾಸ್ತ್ರದ ಪ್ರಶ್ನೆಯಲ್ಲ, ಗೀಳಿನ ಪ್ರಶ್ನೆ.

ಬಚ್ಚಲುಮನೆಯದೂ ಒಂದು ಮಾತು. ಪೇಟೆಯ ಮನೆಯಲ್ಲಿ ಗೀಸರ್ ನೀರು ತಣ್ಣಗಾದಾಗ ಸ್ನಾನ ತಾನೇ ನಿಲ್ಲುತ್ತದೆ. ಘಟ್ಟದ ಮೇಲಿನ ಮನೆಯ ಹಂಡೆಯಲ್ಲಿ ಬೆಂಕಿ ಇರುವವರೆಗೂ ಬಿಸಿನೀರು, ಪಂಪು ಹಾಕಿದರೆ ಬಾವಿಯ ನೀರಿಗೂ ಬರವಿಲ್ಲ. ಗಂಟೆ ಲೆಕ್ಕದಲ್ಲಿ ಮಿತಿ ಹಾಕಿದರೆ ಜಗಳವೇ ಆಗುತ್ತದೆ. ಬಕೆಟ್ ಲೆಕ್ಕ ನಡೆಯುತ್ತದೆ: ಮೊದಲ ವಾರ ಆರು, ಆಮೇಲೆ ನಾಲ್ಕು, ಕೊನೆಗೆ ಎರಡು. ತುಂಬಿ ಇಟ್ಟ ಮೇಲೆ ಹಂಡೆಯ ಮುಚ್ಚಳ ಮುಚ್ಚುವುದು. ಕೈಗೆ ಒಂದೇ ಸಲ ಸೋಪು, 20 ಸೆಕೆಂಡು, ಊಟಕ್ಕೆ ಮೊದಲು ಮತ್ತು ಶೌಚದ ನಂತರ. ಮನೆಯವರೂ ಇದರಲ್ಲಿ ಪಾಲುದಾರರು. ರೋಗಿಗಾಗಿ ಪಾತ್ರೆ ಮತ್ತೊಮ್ಮೆ ತೊಳೆದುಕೊಡುವುದು, ಬಾಗಿಲು ಹಾಕಿದೆ ಎಂದು ಐದು ಸಲ ಹೇಳುವುದು ಪ್ರೀತಿಯಿಂದ ಮಾಡುವ ಕೆಲಸವೇ, ಆದರೆ ಪ್ರತಿ ಸಲವೂ ಗೀಳು ಗಟ್ಟಿಯಾಗುತ್ತದೆ. ಏಕಾಏಕಿ ನಿಲ್ಲಿಸಿದರೆ ರಂಪವಾಗುತ್ತದೆ. ಚಿಕಿತ್ಸಕರ ಎದುರೇ ಒಪ್ಪಂದ ಮಾಡಿಕೊಂಡು ವಾರಕ್ಕೊಂದರಂತೆ ಬಿಡಿಸಬೇಕು.

ಇನ್ನು ಸೇವೆಗಳು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಫೋನು ಮಾಡಿ ಖಚಿತಪಡಿಸಿಕೊಂಡೇ ಹೊರಡಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕಾಯಿಲೆ ಗುರುತಿಸುವುದಕ್ಕೆ, ಮಾತ್ರೆ ಶುರುಮಾಡುವುದಕ್ಕೆ ಇವು ಒಳ್ಳೆಯ ಬಾಗಿಲು, ಖರ್ಚೂ ಕಡಿಮೆ. ಆದರೆ ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಅಷ್ಟರಲ್ಲಿ ಇಆರ್‌ಪಿ ಆಗದ ಮಾತು. ಆ ಕೆಲವು ನಿಮಿಷ ವ್ಯರ್ಥವಾಗದಂತೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಗಂಟೆ ಗೀಳಿಗೆ ಹೋಗುತ್ತದೆ, ಏನೇನು ಮಾಡುತ್ತೀರಿ, ಯಾವಾಗಿನಿಂದ, ಈವರೆಗೆ ನುಂಗಿದ ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ. ಬಾಯಲ್ಲಿ ಹೇಳಲು ನಾಚಿಕೆಯಾಗುವುದನ್ನೂ ಬರೆಯಿರಿ. ದೇವರ ಮೂರ್ತಿ ಎದುರು ಬರುವ ಕೆಟ್ಟ ಯೋಚನೆ, ಎತ್ತಿಕೊಂಡ ಮಗುವಿಗೆ ಏನಾದರೂ ಮಾಡಿಬಿಡುವೆನೇನೋ ಎಂಬ ಭಯ ವೈದ್ಯರಿಗೆ ಹೊಸದಲ್ಲ. ರಾಕ್‌ಮನ್ ಮತ್ತು ಡಿಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ತೋರಿಸಿದಂತೆ ಇಂಥ ಯೋಚನೆ ಕಾಯಿಲೆಯಿಲ್ಲದ ಬಹುಪಾಲು ಜನರಿಗೂ ಬಂದು ಹೋಗುತ್ತದೆ. ಬಂದದ್ದಕ್ಕೆ ಅರ್ಥ ಹುಡುಕುತ್ತ ಕೂರುವುದೇ ಕಾಯಿಲೆ.

ಟೆಲಿ ಮನಸ್, ಅಂದರೆ 14416, 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸಹಾಯವಾಣಿ. ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಮಾಲೋಚಕರು, ಅಗತ್ಯವಿದ್ದರೆ ತಜ್ಞರು. ಎಲ್ಲಿಗೆ ಹೋಗಬೇಕು ಎಂದು ದಾರಿ ತೋರಿಸುವುದಕ್ಕೆ, ನಡುರಾತ್ರಿ ಬದುಕೇ ಬೇಡವೆನಿಸಿದಾಗ ಹಿಡಿದು ನಿಲ್ಲಿಸುವುದಕ್ಕೆ ಇದಕ್ಕಿಂತ ಹತ್ತಿರದ ನೆರವು ಇನ್ನೊಂದಿಲ್ಲ. ದೇಹರೂಪದ ಗೀಳಿನಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚು. ಅಂಥ ಮಾತು ಕೇಳಿಬಂದರೆ ಒಬ್ಬರನ್ನೇ ಬಿಡದೆ ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ, ತುರ್ತಾದರೆ 112. ಆದರೆ ಒಸಿಡಿ ಇರುವವರು ಇದನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು. "ಕಂಬಿ ಮುಟ್ಟಿದೆ, ಏನೂ ಆಗಲ್ಲ ತಾನೆ?" ಎಂದು ಕೇಳಲು ದಿನಾ ಕರೆ ಮಾಡತೊಡಗಿದರೆ ಸಹಾಯವಾಣಿಯೇ ಹೊಸ ಗೀಳು ಕ್ರಿಯೆಯಾಗುತ್ತದೆ. ಪ್ರತಿ ಸಲ ಬೇರೆ ಸಮಾಲೋಚಕರು ಸಿಗಬಹುದಾದ್ದರಿಂದ ಅವರಿಗೆ ಅದು ತಿಳಿಯುವುದೂ ಕಷ್ಟ. ಕರೆಯ ಆರಂಭದಲ್ಲೇ ಹೇಳಿಬಿಡಿ: ನನಗೆ ಒಸಿಡಿ ಇದೆ, ಸಮಾಧಾನ ಬೇಡ, ಇಆರ್‌ಪಿ ಎಲ್ಲಿ ಸಿಗುತ್ತದೆ ಹೇಳಿ.

ಪೂರ್ಣ ಚಿಕಿತ್ಸೆಗೆ ಜನ ಹೋಗುವುದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಮಣಿಪಾಲದ ಆಸ್ಪತ್ರೆ, ಕಾರವಾರದ ಕಡೆಯವರು ಗೋವಾದ ಬಾಂಬೋಳಿಯ ಆಸ್ಪತ್ರೆ, ಬಹಳ ತೀವ್ರವಾದರೆ ಬೆಂಗಳೂರಿನ ನಿಮ್ಹಾನ್ಸ್. ನಿಮ್ಹಾನ್ಸಿನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಹಲವು ಮಾತ್ರೆಗಳಿಗೂ ಬಗ್ಗದವರು, ದಿನವಿಡೀ ಬಚ್ಚಲಲ್ಲೇ ಕಳೆಯುವವರು ತಡಮಾಡದೆ ಅಲ್ಲಿಗೇ ಹೋಗುವುದು ಲೇಸು. ಉಳಿದವರಿಗೆ ದೂರವೇ ಶತ್ರು. ಜುಲೈ ಮಳೆಯಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲನ್ನೋ ವಾರಕ್ಕೊಮ್ಮೆ ಹತ್ತಿಳಿಯುವುದು ಯಾರಿಂದಲೂ ಆಗದು. ಎರಡು ವಾರ ತಪ್ಪುತ್ತದೆ, ಆಮೇಲೆ ತಿಂಗಳು ತಪ್ಪುತ್ತದೆ, ಏಣಿಯ ಮೂರನೇ ಮೆಟ್ಟಿಲಲ್ಲೇ ಚಿಕಿತ್ಸೆ ನಿಲ್ಲುತ್ತದೆ.

ಆದ್ದರಿಂದ ನಮ್ಮ ಜಿಲ್ಲೆಗೆ ಹೊಂದುವುದು ಜೋಡಣೆ: ಮಾತ್ರೆಗೆ ತಿಂಗಳಿಗೊಮ್ಮೆ ಹತ್ತಿರದ ಮನೋವೈದ್ಯರು, ಅಭ್ಯಾಸಕ್ಕೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಇದು ಎರಡನೇ ದರ್ಜೆಯ ಏರ್ಪಾಡು ಎಂದುಕೊಳ್ಳಬೇಡಿ. ಆಸ್ಪತ್ರೆಯ ಕೋಣೆಯಲ್ಲಿ ಚಿಲಕ ಮುಟ್ಟುವುದು ಸುಲಭ, ಕಷ್ಟವಿರುವುದು ಮನೆಯ ಬಚ್ಚಲಲ್ಲಿ. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ಮುಖಕ್ಕಲ್ಲ, ನಲ್ಲಿಯ ಕಡೆ ತಿರುಗಿಸಿ. ಕೈ ನಲ್ಲಿಯತ್ತ ಹೋಗುತ್ತದೆ, ಹಿಂದೆ ಬರುತ್ತದೆ, ಸೆರಗಿಗೆ ಒರೆಸಿಕೊಳ್ಳಲು ನೋಡುತ್ತದೆ. ಆ ಒರೆಸುವುದನ್ನು ಕಂಡು ತಡೆಯುವ ಅವಕಾಶ ದೂರದ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ನೆಟ್‌ವರ್ಕಿನ ಕಷ್ಟಕ್ಕೆ ಮೊದಲೇ ನಿಯಮ ಮಾಡಿಕೊಳ್ಳಿ: ಅಂದಿನ ಅಭ್ಯಾಸ ಹಿಂದಿನ ದಿನವೇ ವಾಟ್ಸಾಪಿನಲ್ಲಿ ಬರಬೇಕು, ವಿಡಿಯೊ ಕಡಿದರೆ ಮಾಮೂಲಿ ಕರೆಯಲ್ಲಿ ಮುಂದುವರಿಯಬೇಕು, ಅದೂ ಕಡಿದರೆ ಉಳಿದ ಹೊತ್ತು ತೊಳೆಯದೆ ಕೂತು ಆಮೇಲೆ ಬರೆದು ಕಳಿಸಬೇಕು. ಈ ನಿಯಮ ಇಲ್ಲದಿದ್ದರೆ ಕರೆ ಕಡಿದ ಮರುಕ್ಷಣ ನಲ್ಲಿ ತೆರೆಯುತ್ತದೆ.

ಯಾರನ್ನು ಆರಿಸಬೇಕು? ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಆಮೇಲೆ ನಾಲ್ಕು ಪ್ರಶ್ನೆ: ಇಆರ್‌ಪಿ ಮಾಡಿಸುತ್ತೀರಾ? ಒಂದು ಸೆಷನ್ನಿನಲ್ಲಿ ಏನು ಮಾಡುತ್ತೇವೆ? ಮನೆಕೆಲಸ ಏನಿರುತ್ತದೆ? ಅಂಕ ಯಾವಾಗ ತೆಗೆಯುತ್ತೀರಿ? "ನಿಮ್ಮ ಬಾಲ್ಯದಿಂದ ಶುರುಮಾಡೋಣ", "ಯೋಚನೆ ಬಂದಾಗ ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಡಿ", "ಪಾಸಿಟಿವ್ ಆಗಿ ಯೋಚಿಸಿ" ಎಂಬ ಉತ್ತರ ಬಂದರೆ ವಂದಿಸಿ ಬೇರೆಯವರನ್ನು ಹುಡುಕಿ. ಯೋಚನೆಯನ್ನು ಒತ್ತಿ ಹಿಡಿದಷ್ಟೂ ಅದು ಮತ್ತೆ ಮತ್ತೆ ಮೇಲೇಳುತ್ತದೆ. ಶುಲ್ಕವನ್ನು ಒಂದು ಸೆಷನ್ನಿಗೆ ಕೇಳಿ ಸುಮ್ಮನಾಗಬೇಡಿ, ಹದಿನಾರರಿಂದ ಗುಣಿಸಿ ಕೈಲಾಗುತ್ತದೋ ನೋಡಿ. ಆರರ ನಂತರ ಹಣ ಸಾಲದೆ ನಿಲ್ಲಿಸುವುದಕ್ಕಿಂತ, ಎಂಟರ ನಂತರ ಹದಿನೈದು ದಿನಕ್ಕೊಮ್ಮೆ ಮಾಡೋಣ ಎಂದು ಮೊದಲೇ ಮಾತಾಡಿಕೊಳ್ಳುವುದು ಮೇಲು.

ಮಾತ್ರೆಯ ವಿಷಯದಲ್ಲಿ ಇಷ್ಟು ತಿಳಿದಿರಲಿ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಮುಂತಾದವೇ ಈ ಕಾಯಿಲೆಗಳಿಗೂ ಬಳಕೆ. ಆದರೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ: ಫ್ಲೂಆಕ್ಸೆಟಿನ್ 40ರಿಂದ 80 ಮಿಲಿಗ್ರಾಂ, ಸರ್ಟ್ರಲಿನ್ 200ರವರೆಗೆ. ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ. ಫಲ ನೋಡಲು ಆ ಪ್ರಮಾಣದಲ್ಲಿ 10ರಿಂದ 12 ವಾರ ಕಾಯಬೇಕು. ಮೊದಲ ಎರಡು ವಾರದ ಹೊಟ್ಟೆ ತೊಳಸುವಿಕೆಗೆ ಹೆದರಿ, "20 ಮಿಲಿಗ್ರಾಂನಲ್ಲಿ ತಿಂಗಳಾಯ್ತು, ಏನೂ ಆಗ್ಲಿಲ್ಲ" ಎಂದು ಬಿಟ್ಟವರು ಔಷಧಿಯ ಪರೀಕ್ಷೆಯನ್ನೇ ಮಾಡಿಲ್ಲ. ಹಠಾತ್ತನೆ ನಿಲ್ಲಿಸಬಾರದು, ಚೀಟಿ ಮುಗಿಯುವ ವಾರ ಮೊದಲೇ ಹೋಗಿ ತನ್ನಿ. ಅಭ್ಯಾಸಕ್ಕೆ ಕೂರುವ ಮುನ್ನ ಕಳವಳ ಇಳಿಸುವ ನಿದ್ರೆಮಾತ್ರೆ ನುಂಗಿದರೆ ಆ ದಿನದ ಕಲಿಕೆ ಹೋದಂತೆ.

ದೇಹರೂಪದ ಗೀಳಿನ ಕಥೆ ಬೇರೆ ಬಾಗಿಲಲ್ಲಿ ಶುರುವಾಗುತ್ತದೆ. 1891ರಲ್ಲಿ ಇಟಲಿಯ ಎನ್ರಿಕೊ ಮೊರ್ಸೆಲ್ಲಿ ಇದನ್ನು ವಿವರಿಸಿದರು. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಮ್-5, ಇದನ್ನು ಒಸಿಡಿಯ ಗುಂಪಿಗೇ ಸೇರಿಸಿತು. ಈ ಗೀಳಿರುವವರಲ್ಲಿ ಹಲವರು ಮೊದಲು ಮನೋವೈದ್ಯರ ಬಳಿ ಬರುವುದಿಲ್ಲ. ಪಾರ್ಲರು, ಚರ್ಮದ ಕ್ಲಿನಿಕ್ಕು, ಜಿಮ್ಮು, ಔಷಧಿ ಅಂಗಡಿಯ ಕ್ರೀಮು. ಕಾಣುವ ದೋಷ ಇರುವುದೇ ಇಲ್ಲ ಅಥವಾ ತೀರ ಚಿಕ್ಕದು, ಹೀಗಾಗಿ ಚರ್ಮಕ್ಕೆ ಏನು ಮಾಡಿಸಿದರೂ ತೃಪ್ತಿಯಿಲ್ಲ, ಕಳವಳ ಮೂಗಿನಿಂದ ಗದ್ದಕ್ಕೆ ವರ್ಗವಾಗುತ್ತದೆ ಅಷ್ಟೆ. ಅದರಲ್ಲೂ ಬಿಳುಪಾಗಲೆಂದು ಹಚ್ಚುವ ಸ್ಟೆರಾಯ್ಡ್ ಕ್ರೀಮುಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇವೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂದಿದ್ದರೆ ವೈದ್ಯರ ಚೀಟಿಯಿಲ್ಲದೆ ಮುಖಕ್ಕೆ ಮುಟ್ಟಿಸಬೇಡಿ. ಕೆಲವು ವಾರ ಹೊಳಪು, ಆಮೇಲೆ ತೆಳುವಾದ ಚರ್ಮ, ಕೆಂಪು ನರ, ಮೊಡವೆ, ಬಿಟ್ಟ ಕೂಡಲೇ ಉರಿ. ಇಲ್ಲದ ದೋಷಕ್ಕೆ ಹೆದರಿದವರಿಗೆ ನಿಜವಾದ ದೋಷವನ್ನೇ ತಂದುಕೊಡುವ ಔಷಧಿ ಇದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ನೀವೇ ಬಿಡಲು ಹೋಗದೆ ಚರ್ಮವೈದ್ಯರ ಸಲಹೆ ಪಡೆಯಿರಿ.

ಇದಕ್ಕೆ ಚಿಕಿತ್ಸೆ ಕೊಡುವವರನ್ನು ಪರೀಕ್ಷಿಸಲು ಕನ್ನಡಿ ಅಭ್ಯಾಸದ ಬಗ್ಗೆ ಕೇಳಿ. ಕನ್ನಡಿ ನೋಡಬೇಡಿ ಎಂದಷ್ಟೇ ಹೇಳುವುದು ಚಿಕಿತ್ಸೆಯಲ್ಲ. ಸರಿಯಾದ ಕ್ರಮ ಹೀಗೆ: ಗೋದ್ರೆಜ್ ಕಪಾಟಿನ ನಿಲುಗನ್ನಡಿಯ ಎದುರು ಎರಡು ಮೂರು ಅಡಿ ದೂರ ನಿಲ್ಲುವುದು. ತಲೆಗೂದಲಿನಿಂದ ಕಾಲ್ಬೆರಳಿನವರೆಗೆ ಎಲ್ಲ ಭಾಗಕ್ಕೂ ಒಂದೇ ಹೊತ್ತು ಕೊಟ್ಟು ಬಾಯಿಬಿಟ್ಟು ವರ್ಣಿಸುವುದು. "ಅಸಹ್ಯ", "ದಪ್ಪಗಿನ ದರಿದ್ರ ಮೂಗು" ಎನ್ನುವಂತಿಲ್ಲ. "ಹುಬ್ಬು ಕಪ್ಪು, ಎಡಗಡೆ ಕೂದಲು ತುಸು ದಟ್ಟ, ಮೂಗಿನ ತುದಿ ದುಂಡಗೆ, ಕೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ" ಹೀಗೆ ಬಣ್ಣ, ಆಕಾರ ಮಾತ್ರ. ಮುಟ್ಟುವಂತಿಲ್ಲ, ಹತ್ತಿರ ಬಗ್ಗುವಂತಿಲ್ಲ. ಐದು ನಿಮಿಷ, ಮುಗಿದ ಮೇಲೆ ಕನ್ನಡಿ ಬಿಟ್ಟು ಬೇರೆ ಕೆಲಸ. ಈ ಕಾಯಿಲೆಯಲ್ಲಿ ಕಣ್ಣು ಇಡೀ ಮುಖ ಬಿಟ್ಟು ಒಂದು ಚುಕ್ಕೆಗೆ ಅಂಟುತ್ತದೆ, ಅದನ್ನು ಬಿಡಿಸುವುದೇ ಇದರ ಗುರಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಇದಕ್ಕೆ ಬೇಡವೇ ಬೇಡ. ಗೇಣುದ್ದದ ಅಂತರದಲ್ಲಿ ಹಿಡಿದರೆ ಮೂಗು ಕಿವಿಗಿಂತ ಕ್ಯಾಮೆರಾಕ್ಕೆ ಹತ್ತಿರ, ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿಯೇ ಬರುತ್ತದೆ.

ಜೊತೆಗೆ ಹೊರಗಿನ ಅಭ್ಯಾಸ. ದುಪಟ್ಟಾ, ಮಾಸ್ಕು, ಹಣೆಗೆ ಇಳಿಬಿಟ್ಟ ಕೂದಲು ತೆಗೆದು ಸಂಜೆ ಕಾರವಾರದ ಟಾಗೋರ್ ಕಡಲತೀರದಲ್ಲೋ ಶಿರಸಿಯ ಬಿಡಕಿಬೈಲಿನಲ್ಲೋ ನಡೆಯುವುದು. ಹೊರಡುವ ಮೊದಲು "ಇಪ್ಪತ್ತರಲ್ಲಿ ಹದಿನೈದು ಮಂದಿ ನನ್ನ ಮುಖ ದಿಟ್ಟಿಸುತ್ತಾರೆ" ಎಂದು ಬರೆಯುವುದು, ಎದುರಾದ ಇಪ್ಪತ್ತು ಮಂದಿಯನ್ನು ಎಣಿಸಿ ವಾಪಸು ಬಂದು ಪಕ್ಕದಲ್ಲಿ ನಿಜದ ಸಂಖ್ಯೆ ಬರೆಯುವುದು. "ನಾನು ಚೆನ್ನಾಗಿದ್ದೇನಾ?" ಎಂದು ಅಮ್ಮನನ್ನು ಕೇಳುವುದು ನಿಲ್ಲಬೇಕು. ಅಮ್ಮ "ಚಂದ ಇದ್ದೀಯೇ ಮಗಳೇ" ಎನ್ನುವುದೂ ನಿಲ್ಲಬೇಕು, ಅದು ಎಷ್ಟೇ ನಿಜವಿರಲಿ.

ಆ್ಯಪುಗಳ ಬಗ್ಗೆ ಒಂದು ಮಾತು ಸಾಕು. ವಿಲ್ಹೆಲ್ಮ್ ತಂಡದವರೇ ದೇಹರೂಪದ ಗೀಳಿಗೆ ಫೋನ್ ಆ್ಯಪ್ ಮಾಡಿ 80 ಮಂದಿಯಲ್ಲಿ 12 ವಾರ ಪರೀಕ್ಷಿಸಿ, 2022ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಆ್ಯಪಿನ ಜೊತೆ ವಿಚಾರಿಸುವ ತರಬೇತುದಾರರಿದ್ದರು ಎನ್ನುವುದನ್ನು ಮರೆಯಬಾರದು. ಸುಮ್ಮನೆ ಇಳಿಸಿಕೊಂಡ ಯಾವುದೋ ಧ್ಯಾನದ ಆ್ಯಪಿಗೆ ಆ ಫಲ ಅನ್ವಯಿಸದು.

ಚಿಕಿತ್ಸೆ ಮುಗಿಸುವಾಗ ಒಂದು, ಮೂರು, ಆರು ತಿಂಗಳಿಗೆ ಮರುಭೇಟಿ ಗೊತ್ತುಮಾಡದೆ ಕಳಿಸುವವರಿಗೆ ನಾವು ಅಂಕ ಕಡಿಮೆ ಕೊಡುತ್ತೇವೆ. ಕೇಳಿ ಪಡೆಯಿರಿ. ನಮ್ಮ ಕಡೆ ಅದರಲ್ಲೊಂದನ್ನು ಮೇ ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಒಣಗದ ಬಟ್ಟೆ, ಕೆಸರು ತುಳಿದು ಒಳಗೆ ಬರುವ ಕಾಲು, ಗೋಡೆಯ ಬೂಷ್ಟು ಬರುವ ಮೊದಲೇ, ಆ ಮಳೆಗಾಲದಲ್ಲಿ ಎಷ್ಟು ಸಲ ಕಾಲು ತೊಳೆಯುವುದು ಎಂದು ಚಿಕಿತ್ಸಕರೊಡನೆ ಕೂತು ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿಬಿಡಬಹುದು.